ಪುಟ್ಟ ದೊರೆ ಹೊರಗೆ ಬಂದ ದಿನ

ಹಿನಾವೈ ದೊರೆಸಾನಿಯ ದೋಣಿ ಬಂತೆಂದು ಶಂಖ ಊದಿದ್ದೇ ಮಾಲುಹಿಯ ಕೈಯಲ್ಲಿದ್ದ ಕೆಸುವಿನ ಅಂಬಲಿ ತುಳುಕಿತು. ಮಗಳ ಮಗ ಕಾನೋವಾನನ್ನು ತನ್ನ ದ್ವೀಪಕ್ಕೆ ಕರೆದೊಯ್ದು ಸಾಕಲು ಬಂದಿದ್ದಳು ಆಕೆ. ಹುಟ್ಟಿದಂದಿನಿಂದ ಅವನು ಬೆಳೆದದ್ದು ಸೋದರತ್ತೆ ಮಾಲುಹಿಯ ಮಡಿಲಲ್ಲಿ. ಆದರೆ ಅಜ್ಜಿ ಕೇಳಿದರೆ ಅತ್ತೆಯ ಮಾತು ನಡೆಯುವುದುಂಟೇ?

ಎರಡು ದೊಡ್ಡ ವಂಶಗಳು ಕೂಡಿ ಹುಟ್ಟಿದ ಈ ತೊದಲು ಮಾತಿನ ಪೋರ ಅಪ್ಪ, ಅಜ್ಜಿ ಎಲ್ಲರಿಗಿಂತ ಮೇಲಿನವನು. ಮನೆಯೊಳಗೆ ಅವನ ಮೂಗು ಒರೆಸಬಹುದು, ಗದರಲೂಬಹುದು. ಹೊರಗೆ ಅವನು ಕಾಲಿಟ್ಟನೋ, ಎಲ್ಲರೂ ಮುಖ ಕೆಳಗೆ ಮಾಡಿ ನೆಲಕ್ಕೆ ಬೀಳಬೇಕು. ಎದ್ದು ನಿಂತವರ ತಲೆ ಉಳಿಯದು. ಅದಕ್ಕೇ ಹಗಲಲ್ಲಿ ಅವನನ್ನು ಹೊರಗೆ ಬಿಡುತ್ತಿರಲಿಲ್ಲ.

ಅಂಬಲಿ ಕೆಳಗಿಡುವಷ್ಟರಲ್ಲಿ ಬಾಗಿಲ ಚಾಪೆ ಸರಿಸಿ ಕಾನೋವಾ ಮಂಗಮಾಯ!

"ಪುಟ್ಟ ದೊರೆ ಬಂದ್ರು! ಬೀಳ್ರೋ!"

ದಡದ ಜನ ದಬದಬನೆ ಉರುಳಿದರು. ಮಾಲುಹಿಯೂ ಬಾಗಿಲಾಚೆ ಬಿದ್ದಳು. ತಾನು ಓಡಿದತ್ತ ಊರಿಗೆ ಊರೇ ಬೀಳುವ ಈ ಆಟಕ್ಕೆ ಕಾನೋವಾ ಕೇಕೆ ಹಾಕಿದ.

"ಲೋ, ನನ್ನ ಮೀನಿನ ಮೇಲೆ ಬಿದ್ದಿದೀಯ!"

"ಸುಮ್ನಿರೋ ಮಾರಾಯ. ಮೀನು ಹೋದ್ರೆ ಹೋಗ್ಲಿ, ತಲೆ ಉಳೀಲಿ."

ಆಗತಾನೇ ಇಳಿದ ಹಿನಾವೈಯೂ ಹಳದಿ ಗರಿಯ ಮಾಲೆ ಸಮೇತ ಮರಳಿಗೆ ಬಿದ್ದಳು. ಆ ಅಗಲವಾದ ಬೆನ್ನು ಕಂಡದ್ದೇ ಮೊಮ್ಮಗ ಹತ್ತಿ ಕುಣಿದ.

"ಯಾರಪ್ಪಾ ಇದು?"

"ನಿಮ್ಮ ಮೊಮ್ಮಗ, ಅಮ್ಮಾವ್ರೆ," ಎಂದ ಪಕ್ಕದಲ್ಲಿ ಬಿದ್ದಿದ್ದ ಕಾವಲುಗಾರ.

"ಭಾರ ಚೆನ್ನಾಗಿದೆ. ಅತ್ತೆ ಹೊಟ್ಟೆಗೆ ಸರಿಯಾಗೇ ಹಾಕಿದಾಳೆ."

ಬೆನ್ನಿಂದ ಜಿಗಿದವನು ನೆಟ್ಟಗೆ ಸಮುದ್ರಕ್ಕೆ ಓಡಿದ. ದೊಡ್ಡ ಅಲೆಯೊಂದು ಏಳುತ್ತಿತ್ತು. ಕದ್ದು ತಲೆ ಎತ್ತಿದ್ದವಳು ಮಾಲುಹಿ ಒಬ್ಬಳೇ. ಎದ್ದಳು, ಓಡಿದಳು, ಸೊಂಟದುದ್ದ ನೀರಿನಿಂದ ಅವನನ್ನು ಬಾಚಿ ತಬ್ಬಿಕೊಂಡಳು. ಊರೆಲ್ಲ ಮಲಗಿರುವಾಗ ತಾನೊಬ್ಬಳೇ ನಿಂತಿದ್ದೇನೆಂದು ಆಗ ಹೊಳೆಯಿತು.

"ಯಾರೋ ಓಡಿದ ಸದ್ದಾಯ್ತಲ್ಲ?" ಎಂದ ಕಾವಲುಗಾರ.

"ನೀನು ನೋಡಿದ್ಯಾ?" ಹಿನಾವೈಯ ದನಿ ಮರಳಿನಿಂದ ಬಂತು. "ನೋಡಿದ್ರೆ ತಲೆ ಎತ್ತಿದ್ದೆ ಅಂತಾಯ್ತು."

"ಅಯ್ಯೋ ಇಲ್ಲ ಅಮ್ಮಾವ್ರೆ!"

"ಬೇರೆ ಯಾರಾದ್ರೂ?"

"ಇಲ್ಲ ಅಮ್ಮಾವ್ರೆ!" ಎಂದಿತು ದಡಕ್ಕೆ ದಡವೇ.

ಮಾಲುಹಿ ಮಗುವನ್ನು ಒಳಗೆ ಹೊತ್ತೊಯ್ದ ಮೇಲೆ ಎಲ್ಲರೂ ಎದ್ದರು. ಮನೆಯೊಳಗೆ ಹಿನಾವೈ ಬಾಯಿಂದ ಮರಳು ಉಗಿದು, ತನ್ನ ಒಣ ಹೊದಿಕೆಯನ್ನು ಮಾಲುಹಿಯ ಹೆಗಲಿಗೆ ಹಾಕಿದಳು.

"ಯಾಕೆ ಒದ್ದೆಯಾಗಿದೀಯ ಅಂತ ಕೇಳಲ್ಲ ಕಣೇ. ನಮ್ಮ ದಡದ ತುಂಬ ಬರೀ ಕಲ್ಲು. ದಿನಾ ಹೀಗೆ ಬೀಳೋಕೆ ನನ್ನ ಮಂಡಿ ತಡೆಯಲ್ಲ. ಇವನು ಇಲ್ಲೇ ಬೆಳೀಲಿ, ನಾನೇ ಬಂದುಹೋಗ್ತೀನಿ."

ಮಾಲುಹಿ ಬಾಯಿ ತೆರೆಯುವ ಮುನ್ನ ಬಾಗಿಲ ಚಾಪೆ ಮತ್ತೆ ಅಲುಗಿತು.

"ಹಿಡಿಯೇ!" ಎಂದು ಕಿರುಚಿದಳು ಅಜ್ಜಿ.

ಇಬ್ಬರೂ ಹಾರಿ ಒಂದೊಂದು ಕಾಲು ಹಿಡಿದರು.