ಬಾನೆಟ್ಟಿನ ಮೇಲಿನ ಬೀಗದ ಕೈ

"ಕೈಗೆ ಎಂತ ಕೊಡ್ಲಿಕ್ಕೆ ಬರ್ತಿಯಾ ಬೇವರ್ಸಿ? ಅಲ್ಲಿಡು!"

ಯಜ್ಞೇಶ್ ತೋರಿಸಿದ್ದು ತನ್ನ ಕಾರಿನ ಬಾನೆಟ್ಟನ್ನು. ದುಗ್ಗು ತಾನು ಟ್ಯಾಂಕಿ ತೊಳೆದು ಬಂದ ಮನೆಯ ಬೀಗದ ಕೈಯನ್ನು ಅದರ ಮೇಲಿಟ್ಟು ಹಿಂದೆ ಸರಿದ. ದೋಹಾದ ಅಬು ಹಮೂರಿನ ಉರಿಬಿಸಿಲು. ಯಜ್ಞೇಶ್ ಫೋನಿನಲ್ಲಿ ಮಾತು ಮುಗಿಸಿ ಬರುವಷ್ಟರಲ್ಲಿ ಬೀಗದ ಕೈ ಕಾದು ಕೆಂಡವಾಗಿತ್ತು. ಮುಟ್ಟಿದವನೇ "ಅಯ್ಯಮ್ಮಾ" ಎಂದು ಬೆರಳು ಕೊಡವಿ, ಜೇಬಿನಿಂದ ಕರ್ಚೀಫು ತೆಗೆದು ಅದರಲ್ಲಿ ಸುತ್ತಿ ಎತ್ತಿಕೊಂಡ. ಬೆರಳು ಸುಟ್ಟರೂ ಸರಿ, ದುಗ್ಗುವಿನ ಕೈಯಿಂದ ತಗೊಳ್ಳುವ ಆಸಾಮಿಯಲ್ಲ. ಊರಿನಲ್ಲಿ ಅವನ ಅಜ್ಜ ದುಗ್ಗುವಿನ ಅಜ್ಜನಿಂದ ಎಲ್ಲವನ್ನೂ ಅಂಗಳದ ನೆಲದಲ್ಲಿ ಇಡಿಸಿಕೊಳ್ಳುತ್ತಿದ್ದ. ಮೊಮ್ಮಗ ಬಾನೆಟ್ಟಿನವರೆಗೆ ಮೇಲೇರಿಸಿದ್ದಾನಲ್ಲ, ದೊಡ್ಡ ಮನಸ್ಸು!

ಯಜ್ಞೇಶನದು ಮನೆ ದಾಟಿಸುವ ವ್ಯಾಪಾರ. ಮನೆ ಕಟ್ಟುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಖಾಲಿ ಬಿದ್ದ ವಿಲ್ಲಾ ಹುಡುಕಿ, ಅದರ ಅರಬಿ ಯಜಮಾನನಿಂದ 'ನೀನು ತಂದವರಿಗೆ ಕೊಡ್ತೇನೆ' ಎಂಬ ಮಾತು ಗಿಟ್ಟಿಸಿಕೊಂಡು, ಆ ಮಾತನ್ನು ಮನೆ ಸಿಗದೆ ಒದ್ದಾಡುವ ಇನ್ನೊಬ್ಬನಿಗೆ ಮಾರುವುದು. ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾದಲ್ಲಿ ಹಳೆಯ ಕಟ್ಟಡಗಳನ್ನು ಕೆಡವುತ್ತಿದ್ದ ಕಾಲ. ಬಾಡಿಗೆ ಹುಚ್ಚು ಹಿಡಿದಂತೆ ಏರುತ್ತಿತ್ತು.

ಖಾಲಿ ಮನೆ ಹುಡುಕುವವನು ಮಾತ್ರ ದುಗ್ಗು. ಟೆರೇಸಿನ ನೀರಿನ ಟ್ಯಾಂಕಿಗಳೊಳಗೆ ಇಳಿದು ಪಾಚಿ ಉಜ್ಜುವುದು ಅವನ ಕೆಲಸ. ಉಜ್ಜಿ ಮೇಲೆ ಬಂದು ಉಸಿರು ಬಿಡುವಾಗ ಸುತ್ತ ಕಣ್ಣು ಹಾಯಿಸಬೇಕು. ಯಾವ ಮನೆಯ ಹಗ್ಗದಲ್ಲಿ ಬಟ್ಟೆಯಿಲ್ಲ, ಯಾವ ಏಸಿಯಿಂದ ನೀರು ತೊಟ್ಟಿಕ್ಕುತ್ತಿಲ್ಲ ಎಂದು ನೋಡಿ, ವೀಸಾ ಕೊಡಿಸಿ ಕರೆತಂದ ಧಣಿ ಯಜ್ಞೇಶನಿಗೆ ಹೇಳಬೇಕು. ಹೇಳಿದ್ದಕ್ಕೆ ಸಿಗುವುದು ಒಂದು ಶವರ್ಮಾ.

'ನಾನೇ ಒಂದು ಮನೆ ದಾಟಿಸಿದರೆ?' ಈ ಯೋಚನೆ ತಲೆಗೆ ಹೊಕ್ಕಿದ್ದೇ ದುಗ್ಗುವಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೂಲಿಯಾಳುಗಳ ಕ್ಯಾಂಪಿನಲ್ಲಿ ಅವನ ಮೇಲಿನ ಮಂಚ ಕಿರುಗುಟ್ಟಿದರೆ ಕೆಳಗೆ ಮಲಗಿದ ಜೊತೆಗಾರ ಕೊರಗ ಬೈಯುತ್ತಿದ್ದ: "ಎಂತ ಮಾರಾಯ, ಮೈಗೆ ಇರುವೆ ಹತ್ತಿದೆಯಾ?" ಒಂದೇ ಒಂದು ಮನೆ. ಅದರ ಕಮಿಷನ್ನಿನಲ್ಲಿ ಬೇರೆ ವೀಸಾಕ್ಕೆ ದಾರಿಯಾಗುತ್ತದೆ. ಇನ್ನೊಬ್ಬರು ಕುಡಿಯುವ ನೀರಿನ ಕೆಸರಿನಿಂದ ಕಾಲು ಹೊರಗೆಳೆದುಕೊಳ್ಳಬಹುದು.

ಐನ್ ಖಾಲಿದ್‌ನಲ್ಲಿ ಅಂಥ ಮನೆ ಕಣ್ಣಿಗೆ ಬಿತ್ತು. ಈ ಸಲ ಧಣಿಗೆ ಹೇಳಲಿಲ್ಲ. ಪಕ್ಕದಲ್ಲೇ ಇದ್ದ ಯಜಮಾನ, ಮುದುಕ ಬೂ ರಾಶಿದ್‌ನ ಮುಂದೆ ತಾನೇ ಹೋಗಿ ನಿಂತ. ಮುದುಕನೇನು ದೇವರಲ್ಲ. ಮೊದಲು ಹಳೆಯ ಸೋಫಾಗಳನ್ನೆಲ್ಲ ಬಿಟ್ಟಿಯಾಗಿ ಹೊರಿಸಿದ, ಅಂಗಳ ಗುಡಿಸಿಸಿದ. ಆಮೇಲೆ ಬೀಗದ ಕೈಯನ್ನು ದುಗ್ಗುವಿನ ಅಂಗೈಗಿಟ್ಟು ಬೆರಳು ಮಡಚಿ, "ಯಲ್ಲಾ! ಸಂಸಾರಸ್ಥರನ್ನು ಕರೆದು ತಾ, ನೀನು ತಂದವರಿಗೇ ಮನೆ. ಶುಕ್ರವಾರ ಜುಮ್ಮಾ ಮುಗಿಸಿ ಬರುತ್ತೇನೆ" ಎಂದ. ಮುದುಕನ ಬೆವರು ದುಗ್ಗುವಿನ ಬೆರಳಿಗೆ ಅಂಟಿತು. ಅದನ್ನು ಒರೆಸಿಕೊಳ್ಳಲು ದುಗ್ಗುವಿಗೆ ಮನಸ್ಸಾಗಲಿಲ್ಲ.

ಅಲ್ ಸದ್ದ್‌ನಲ್ಲಿ ಚಾದಂಗಡಿ ಇಟ್ಟ ಕಬೀರ್, ಹೆಂಡತಿ ರೈಹಾನಾ ಮತ್ತು ಮಕ್ಕಳೊಂದಿಗೆ ಇರಲು ಒಂದು ಮನೆ ಬೇಕೆಂದು ದುಗ್ಗುವಿಗೆ ದುಂಬಾಲು ಬಿದ್ದಿದ್ದರು. ಅವರಿದ್ದ ಕಟ್ಟಡವನ್ನು ಕೆಡವುವವರಿದ್ದರು. ಅವರಿಗೇ ಹೇಳಬಹುದಿತ್ತು. ಆದರೆ ಹಾಳು ಅಭ್ಯಾಸ! ಕಮಿಷನ್ ಎಷ್ಟು ಕೇಳಬೇಕು, ಹೇಗೆ ಕೇಳಬೇಕು ಎಂದು ತಿಳಿಯದೆ ಧಣಿಯ ಮುಂದೆ ಬಾಯಿ ಬಿಟ್ಟ.

"ಭೇಷ್!" ಎಂದ ಯಜ್ಞೇಶ್. "ಇದು ನಿನ್ನದೇ ಕೇಸ್ ಆಯ್ತಾ? ಪಾರ್ಟಿ ನಾನು ತರ್ತೇನೆ. ಕಮಿಷನ್ ನಿಂಗೆ."

ಶುಕ್ರವಾರ ಬೆಳಿಗ್ಗೆ ಪಾರ್ಟಿ ಬಂತು. ಬ್ಯಾಂಕಿನ ಶರಣ್, ಅವನ ಹೆಂಡತಿ ದೀಕ್ಷಿತಾ, ಹಾಲು ಉಕ್ಕಿಸಲು ಒಬ್ಬ ಭಟ್ಟರು. ದುಗ್ಗು ಉಜ್ಜಿ ಉಜ್ಜಿ ಬೆಳಗಿದ ಮೆಟ್ಟಿಲ ಮೇಲೆ ಭಟ್ಟರು ನೀರು ಚಿಮುಕಿಸುತ್ತ ಕೇಳಿದರು: "ಇಲ್ಲಿ ಮೊದಲು ಯಾರ್ಯಾರು ಹೊಕ್ಕಿದ್ದಾರೋ ಏನೋ?"

"ಯಾರೂ ಇಲ್ಲ ಭಟ್ರೇ. ನಾನೇ ಬಿಸಿಲಲ್ಲಿ ಅಲೆದು ಹುಡುಕಿದ ಮನೆ" ಎಂದ ಯಜ್ಞೇಶ್.

"ಮತ್ತೆ ಇವನು?" ದೀಕ್ಷಿತಾ ಕೇಳಿದಳು.

"ಅವನಾ? ಟ್ಯಾಂಕಿಯವ." ಯಜ್ಞೇಶ್ ದುಗ್ಗುವಿನ ಹತ್ತಿರ ಬಂದು ದನಿ ತಗ್ಗಿಸಿದ. "ಕೀ ಬಾನೆಟ್ಟಲ್ಲಿಟ್ಟು ಹಿಂದಿನ ಗೇಟಿಂದ ಹೋಗು. ಮುದುಕ ಬರುವಾಗ ಇಲ್ಲಿ ಕಾಣ್ಬಾರ್ದು. ನಿನ್ನನ್ನು ಕಳಿಸಿದ್ದು ನಾನೇ ಅಂತ ಅವನಿಗೆ ಹೇಳ್ತೇನೆ."

"ಧಣಿ, ಕಮಿಷನ್..."

"ಎಂತ ಕಮಿಷನ್? ತಲೆಗಿಲೆ ಕೆಟ್ಟಿದೆಯಾ ಬೋಳಿಮಗನೆ? ಪಾಚಿ ತಿಕ್ಕುವವನಿಗೆ ಕಮಿಷನ್ ಅಂತೆ! ಪಾಯಸ ಉಳಿದ್ರೆ ಕಳಿಸ್ತೇನೆ, ಹೋಗು."

ದುಗ್ಗುವಿನ ಕಿವಿಯಲ್ಲಿ ಗುಂಯ್ ಎಂದಿತು. ಟ್ಯಾಂಕಿಯ ಒಳಗಿದ್ದಾಗ ಯಾರೋ ಮೇಲಿನ ಮುಚ್ಚಳ ಎಳೆದಂತಾಯಿತು. ಜೇಬಿನಿಂದ ಬೀಗದ ಕೈ ತೆಗೆದ. ಬಾನೆಟ್ಟಿನ ಕಡೆಗೆ ಕಾಲು ಎತ್ತಿಯೂ ಆಗಿತ್ತು, ಅಷ್ಟು ರೂಢಿ. ಅಲ್ಲೇ ನಿಂತು ಅಂಗೈಯಲ್ಲಿ ಬೀಗದ ಕೈಯಿಟ್ಟು ಮುಂದೆ ಚಾಚಿದ.

"ಕೈಯಿಂದ ತಗೊಳ್ಳಿ. ಮನೆ ಹುಡುಕಿದ್ದು ಯಾರು ಅಂತ ಇವರ ಎದುರು ಹೇಳಿ ತಗೊಳ್ಳಿ."

ಭಟ್ಟರು ಹಾಲಿನ ಪಾತ್ರೆ ಹಿಡಿದು ಗೋಡೆಯ ಕಡೆ ಸರಿದರು. ಶರಣ್ ವಾಚು ನೋಡಿ, "ತಗೊಳ್ಳಿ ಯಜ್ಞೇಶಣ್ಣ, ಮುಹೂರ್ತ ಮೀರ್ತದೆ" ಎಂದು ಮುಖ ತಿರುಗಿಸಿದ. ಯಜ್ಞೇಶ್ ಹಲ್ಲು ಕಚ್ಚಿ ಜೇಬಿಗೆ ಕೈ ಹಾಕಿ ಕರ್ಚೀಫು ತೆಗೆದ.

"ಕೀ ಬಿಸಿ ಇಲ್ಲ," ಎಂದ ದುಗ್ಗು. "ಕರ್ಚೀಫು ಎಂತಕ್ಕೆ?"

ಚಾಚಿದ ಅಂಗೈ ಮುಷ್ಟಿಯಾಯಿತು. ನೀರು ಚಿಮುಕಿಸಿದ ಮೆಟ್ಟಿಲುಗಳನ್ನು ಹತ್ತಿ, ಬಾಗಿಲು ತೆಗೆದು ಒಳಹೊಕ್ಕು, ಒಳಗಿನಿಂದ ಬೀಗ ಹಾಕಿಕೊಂಡ. ಫೋನು ತೆಗೆದು ಕಬೀರರ ನಂಬರು ಒತ್ತಿದ.

"ಕಬೀರಾಕ, ಮನೆ ಉಂಟು. ರೈಹಾನಕ್ಕನನ್ನೂ ಮಕ್ಕಳನ್ನೂ ಕರ್ಕೊಂಡು ಈಗ್ಲೇ ಬನ್ನಿ. ರೇಟು ಆಮೇಲೆ ಮಾತಾಡುವ. ನಾನು ತಂದವರಿಗೇ ಮನೆ ಅಂದಿದ್ದಾರೆ ಯಜಮಾನ ಬೂ ರಾಶಿದ್. ಅವರು ಬರುವ ಮೊದ್ಲು ಬನ್ನಿ, ಅಷ್ಟೇ."

ಬಾಗಿಲು ದಡಬಡ ಸದ್ದು ಮಾಡಿತು. "ತೆಗಿಯೋ ನಾಯಿ! ನಿನ್ನ ಪಾಸ್‌ಪೋರ್ಟು ನನ್ನ ಹತ್ರ ಉಂಟು, ನೆನಪಿರ್ಲಿ! ಪೊಲೀಸರಿಗೆ ಒಂದು ಫೋನು ಮಾಡಿದ್ರೆ ಖಲಾಸ್ ನೀನು!"

ಅದು ಸುಳ್ಳಲ್ಲವೆಂದು ದುಗ್ಗುವಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗಿದ:

"ಪಾಸ್‌ಪೋರ್ಟನ್ನು ಬಾನೆಟ್ಟಿನ ಮೇಲಿಡು ಯಜ್ಞೇಶ. ನಾನು ಬಂದು ಎತ್ಕೊಳ್ತೇನೆ."

ಹೊರಗೆ ಭಟ್ಟರ ಪಾತ್ರೆಯಲ್ಲಿ ಹಾಲು ಬಿಸಿಲಿಗೆ ಒಡೆಯತೊಡಗಿತ್ತು. ರಸ್ತೆಯ ತುದಿಯಲ್ಲಿ ಧೂಳೆಬ್ಬಿಸಿಕೊಂಡು ಯಾವುದೋ ಗಾಡಿ ಬರುತ್ತಿತ್ತು. ಕಬೀರರದೋ, ಮುದುಕನದೋ, ಪೊಲೀಸರದೋ ಇನ್ನೂ ಕಾಣಿಸುತ್ತಿರಲಿಲ್ಲ. ದುಗ್ಗು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಿಟಕಿಯಲ್ಲೇ ನಿಂತಿದ್ದ.