ಒಂದು ನಂಬರಿಗೆ ಒಬ್ಬರು

"ಒಂದು ಫೋನ್ ನಂಬರಿಗೆ ಒಂದೇ ಸಾಲು. ಮಿಕ್ಕಿದ್ದೆಲ್ಲ ತೆಗೆದುಬಿಡಿ," ಎಂದರು ಮ್ಯಾನೇಜರು, ಅವನ ಕುರ್ಚಿಯ ಹಿಂದೆ ನಿಂತು.

ಕಣ್ಣಾಸ್ಪತ್ರೆಯಲ್ಲಿ ಪೊರೆಯ ಆಪರೇಷನ್ನಿಗೆ ಕಾಯುವವರ ಪಟ್ಟಿ ಅದು. ಒಬ್ಬೊಬ್ಬರೇ ಎರಡೆರಡು ಸಲ ಹೆಸರು ಬರೆಸಿ ಪಟ್ಟಿ ಊದಿಕೊಂಡಿತ್ತು. ಅವನು ಕಂಪ್ಯೂಟರಿನಲ್ಲಿ ಸೂತ್ರ ಬರೆದು ಅದನ್ನು ಇಳಿಸಬೇಕು. ಪಟ್ಟಿಯಲ್ಲಿ ಉಳಿದವರಿಗೆ ಸಂಜೆ ಆಪರೇಷನ್ನಿನ ಮೆಸೇಜು. ಬಿದ್ದುಹೋದವರು ಮುಂದಿನ ವರ್ಷದವರೆಗೆ ಕಾಯಬೇಕು.

"ಒಂದೇ ಮನೆಯ ಇಬ್ಬರು ಒಂದೇ ನಂಬರ್ ಕೊಟ್ಟಿದ್ರೆ, ಸರ್?"

"ಅಂಥೋರು ಎಷ್ಟು ಜನ ಇರ್ತಾರೆ? ಯಾಕ್ರೀ, ನಿಮ್ಮೋರು ಯಾರಾದ್ರೂ ಇದಾರಾ?"

"ಛೆ, ಇಲ್ಲ ಸರ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ ಅವನು. ಎರಡೂ ಕೈಗಳನ್ನು ಕೀಲಿಮಣೆಯ ಮೇಲೆ ಒತ್ತಿ ಹಿಡಿದ.

ಅವನ ನಂಬರಿನ ಎದುರು ಎರಡು ಹೆಸರಿದ್ದವು: ಅತ್ತೆಯದು, ಅಮ್ಮನದು. ಹೆಂಡತಿಯ ತಾಯಿ ಅವನ ಮನೆಗೆ ಬಂದು ಸೇರಿದ ವಾರವೇ ಅವರ ಹೆಸರು ಬರೆಸಿದ್ದ. ಅಮ್ಮನದನ್ನು ಎಷ್ಟೋ ತಿಂಗಳ ಮೇಲೆ. ಹೆಸರು, ನಂಬರು ತಿದ್ದುವ ಅಧಿಕಾರ ಅವನಿಗಿರಲಿಲ್ಲ. ಅವನದು ಸೂತ್ರ ಮಾತ್ರ.

ಯಾರನ್ನು ಉಳಿಸಬೇಕೆಂದು ಸೂತ್ರಕ್ಕೆ ಹೇಳಲೇಬೇಕು. ಅತಿ ಹಳೆಯ ತಾರೀಖು ಎಂದರೆ ಅತ್ತೆ. ಅತಿ ಹೊಸದು ಎಂದರೆ ಅಮ್ಮ. ನ್ಯಾಯವಾಗಿ ಹಳೆಯದನ್ನೇ ಬರೆದ. ನ್ಯಾಯ ಎಂಬ ಮಾತು ಕೊಂಚ ಹೊತ್ತು ಹಿತವಾಗಿತ್ತು.

ಬೆಳಿಗ್ಗೆ ಅಮ್ಮ ಗೋಡೆ ತಡವುತ್ತ ಬಂದು, ಮೊಳೆಗೆ ನೇತುಹಾಕಿದ್ದ ಅವನ ಕೋಟಿಗೆ "ತಿಂಡಿ ತಿಂದ್ಕೊಂಡು ಹೋಗೋ" ಎಂದಿದ್ದಳು. ಅವನು ಹಿಂದೆಯೇ ನಿಂತಿದ್ದ.

ಒಂದು ಪದ ಬದಲಿಸಿದ. ಅಮ್ಮ ಉಳಿದಳು. ಪಟ್ಟಿಯುದ್ದಕ್ಕೂ, ಒಂದೇ ಫೋನಿನ ಮನೆಗಳಲ್ಲಿ, ಮೊದಲಿನಿಂದ ಕಾದು ಕೂತವರೇ ಉದುರಿಹೋದರು. ಅವರ ಹೆಸರು ಓದಬೇಕೆನ್ನಿಸಿತು. ಹೆದರಿಕೆಯಾಗಿ ಓದಲಿಲ್ಲ.

"ಭೇಷ್! ಎಷ್ಟು ಹಗುರಾಯ್ತು ನೋಡಿ," ಎಂದರು ಮ್ಯಾನೇಜರು.

ಸಂಜೆ ಅವನು ಬಂದಾಗ ಮನೆಯಲ್ಲಿ ಇನ್ನೂ ದೀಪ ಹಾಕಿರಲಿಲ್ಲ. ಇಬ್ಬರು ಮುದುಕಿಯರೂ ಅಕ್ಕತಂಗಿಯರ ಹಾಗೆ ಸೋಫಾದ ಮೇಲೆ ಕೂತಿದ್ದರು. ಹೆಂಡತಿ ಬಾಗಿಲಲ್ಲೇ ಕೇಳಿದಳು.

"ಮೆಸೇಜ್ ಇವತ್ತೇ ಅಲ್ವಾ? ನಮ್ಮಮ್ಮಂದು ತಾನೇ ಮೊದಲು?"

"ನೋಡ್ಬೇಕು."

"ನಂಗೇನು ಅವಸರ ಇಲ್ಲ, ಅಳಿಯಂದ್ರೇ," ಎಂದರು ಅತ್ತೆ. "ಮೊದ್ಲು ನಿಮ್ಮಮ್ಮಂದು ಆಗ್ಲಿ."

"ಅದು ಹ್ಯಾಗಾಗುತ್ತೆ? ಕಾದಿರೋದು ನೀವಲ್ವಾ," ಅಮ್ಮ ಗದರಿದಳು.

ಅವನ ಕೈಯಲ್ಲಿ ಫೋನು ಬೆಳಗಿತು. ಆ ಬೆಳಕಷ್ಟಾದರೂ ಇಬ್ಬರಿಗೂ ಕಂಡಿರಬೇಕು. ಪೊರೆ ಕವಿದ ನಾಲ್ಕು ಕಣ್ಣುಗಳು ಒಟ್ಟಿಗೇ ಅವನತ್ತ ತಿರುಗಿದವು. ಫೋನನ್ನು ಅಂಗೈಯಿಂದ ಮುಚ್ಚಿದ. ಬೆರಳುಗಳ ಸಂದಿಯಿಂದ ಬೆಳಕು ಸೋರುತ್ತಲೇ ಇತ್ತು.