ಮೂರು ಹಸಿರು ಗಂಟು

ನಮ್ಮ ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಒಂಟಿಯಾಗಿ ಹೊರಟದ್ದು ನನಗೆ ನೆನಪಿಲ್ಲ. ಅವನ ಬೆನ್ನ ಹಿಂದೆ ಯಾವಾಗಲೂ ಗೊಣಗಮ್ಮ ಇರುತ್ತಿದ್ದಳು. ಅವನು ಏಳು ಬೆಟ್ಟ ಏದುಸಿರು ಬಿಡುತ್ತ ದಾಟಿ ಎಂಟನೆಯದರ ಬುಡಕ್ಕೆ ಬಂದಾಗ, ಮನೆ ಬಾಗಿಲಿಗೆ ಚಿಲಕ ಹಾಕಿದ್ದೀಯಾ ಎಂದು ಕೇಳುವವಳು ಅವಳೇ. ಪಾಳುಬಾವಿಗಿಳಿದು ಉಂಗುರ ತಂದರೆ, ಇದು ಅದೇ ಉಂಗುರವೋ ಬೇರೆಯದೋ ಎಂದು ಕೊಂಕು ತೆಗೆಯುವವಳೂ ಅವಳೇ. ಅಜ್ಜಿ ಅವಳ ಮಾತನ್ನು ಮೂಗಿನಲ್ಲಿ ಆಡಿ ತೋರಿಸುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇಂಥ ಹೆಂಗಸು ಎಲ್ಲಿಂದ ಬಂದಳೆಂದು ಒಮ್ಮೆಯೂ ಕೇಳಲಿಲ್ಲ. ಕಥೆಯಲ್ಲಿ ರಾಕ್ಷಸ ಇರುವ ಹಾಗೆ ಅವಳೂ ಇದ್ದಳು, ಅಷ್ಟೇ.

ಈಗ ನಾನು ಬೆಲ್ಟ್ ಹೊಲಿಯುವ ಕಾರ್ಖಾನೆಯಲ್ಲಿದ್ದೇನೆ. ಪ್ಯಾಂಟಿಗೆ ಹಾಕುವ ಬೆಲ್ಟ್ ಅಂದುಕೊಳ್ಳಬೇಡಿ. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು, ಹೊರಗಿನಿಂದ ಗಾಜು ಒರೆಸುವವರು, ತೊಡೆಗೂ ಸೊಂಟಕ್ಕೂ ಭುಜಕ್ಕೂ ಕಟ್ಟಿಕೊಂಡು ಹಗ್ಗಕ್ಕೆ ಜೋತುಬೀಳುತ್ತಾರಲ್ಲ, ಆ ಬೆಲ್ಟ್. ಎಂಟು ಹೊಲಿಗೆ ಯಂತ್ರಗಳು ಒಂದೇ ಸಾಲಿನಲ್ಲಿ ದಡದಡ ಅನ್ನುತ್ತಿರುತ್ತವೆ. ಸಾಲಿನ ಕೊನೆಗೆ ನನ್ನ ಕಬ್ಬಿಣದ ಚೌಕಟ್ಟು. ಹೊಲಿದು ಬಂದ ಬೆಲ್ಟನ್ನು ಮೇಲಿನ ಕೊಕ್ಕೆಗೂ ಕೆಳಗಿನ ಕೊಕ್ಕೆಗೂ ಸಿಕ್ಕಿಸಿ ಚಕ್ರ ತಿರುಗಿಸುತ್ತೇನೆ. ಮುಳ್ಳು ಕೆಂಪು ಗೆರೆ ಮುಟ್ಟಬೇಕು. ಹತ್ತು ಎಣಿಸಬೇಕು. ಹೊಲಿಗೆ ಬಿಡದಿದ್ದರೆ ಚಕ್ರ ಸಡಿಲಿಸಿ, ಪಟ್ಟಿಯ ತುದಿಗೆ ಹಸಿರು ದಾರದಲ್ಲಿ ಒಂದು ಗಂಟು ಹಾಕಬೇಕು. ಗಂಟು ಬಿದ್ದ ಬೆಲ್ಟನ್ನು ಮತ್ತೆ ಯಾರೂ ಎಳೆಯುವಂತಿಲ್ಲ. ಎಳೆದಷ್ಟೂ ದಾರ ದಣಿಯುತ್ತದೆ ಅನ್ನುವುದು ನಮ್ಮ ಮೇಸ್ತ್ರಿಯ ಮಾತು. ಮೂವತ್ತು ವರ್ಷ ಹೊಲಿದು, ಬೆರಳ ತುದಿ ಚರ್ಮ ಹದಮಾಡಿದ ತೊಗಲಿನ ಹಾಗಾದ ಮನುಷ್ಯ ಅವರು. ಹೊಸಬರು ಬಂದ ದಿನ ಅವರು ಹೇಳಿಕೊಡುವುದು ಇದೊಂದೇ: ಒಂದು ಬೆಲ್ಟಿಗೆ ಒಂದೇ ಎಳೆತ.

ನಾಲ್ಕು ವರ್ಷಗಳಲ್ಲಿ ನನ್ನ ಗಂಟಿದ್ದ ಒಂದು ಬೆಲ್ಟೂ ಯಾರಿಗೂ ಕೈಕೊಟ್ಟಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಬಸ್ಸಿನಲ್ಲಿ ಹೋಗುವಾಗ ಕತ್ತು ಉದ್ದ ಮಾಡಿ ಮೇಲೆ ನೋಡುತ್ತೇನೆ. ಹತ್ತನೇ ಮಹಡಿಯ ಗಾಜಿನ ಮೇಲೆ ಯಾರೋ ಜೇಡನಂತೆ ಅಂಟಿಕೊಂಡಿದ್ದರೆ, ಅದು ನಮ್ಮದು ಎಂದು ಪಕ್ಕದವರಿಗೆ ಹೇಳಿಬಿಡುತ್ತೇನೆ. ಒಬ್ಬರು, ಇಡೀ ಕಟ್ಟಡವೇ ನನ್ನದೆಂದು ತಿಳಿದು, ಬಾಡಿಗೆಗೆ ಮನೆ ಇದೆಯಾ ಎಂದು ಕೇಳಿದ್ದರು.

ಕೆಲಸದಲ್ಲಿ ಇಷ್ಟು ಗಟ್ಟಿಯಾಗಿದ್ದವಳಿಗೆ ನಮಾಜಿನಲ್ಲಿ ಬಿರುಕು ಬಿಟ್ಟಿತು.

ದಾಸ್ತಾನು ಕೋಣೆಯಲ್ಲಿ, ಪಟ್ಟಿಯ ಸುರುಳಿಗಳ ನಡುವೆ ಚಾಪೆಯಗಲ ಜಾಗವೊಂದನ್ನು ನನಗೆಂದೇ ಬಿಟ್ಟಿದ್ದಾರೆ. ಒಂದು ಮಧ್ಯಾಹ್ನ ಹಣೆ ನೆಲಕ್ಕೆ ತಾಗಿದಾಗ ತಲೆಯೊಳಗೆ ಒಂದು ಮಾತು ಎದ್ದಿತು. ಇದನ್ನೆಲ್ಲ ಯಾರು ಕೇಳುತ್ತಿದ್ದಾರೆ? ಮೇಲೆ ಇರುವುದು ತಗಡಿನ ಚಾವಣಿ ತಾನೆ? ನಾನು ಬೆಚ್ಚಿದೆ. ಬಿಸಿ ಪಾತ್ರೆ ಮುಟ್ಟಿದಂತೆ ಆ ಮಾತಿನಿಂದ ಕೈ ಹಿಂದೆಗೆದೆ. ಮರುದಿನ ಅದು ತನ್ನ ಪರಿವಾರವನ್ನೆಲ್ಲ ಕರೆದುಕೊಂಡು ಬಂತು. ಅಲ್ಲಾಹ್ ಇದ್ದಾನೆಂದು ನಿನಗೆ ಹೇಗೆ ಗೊತ್ತು? ಹೀಗೆ ಕೇಳಿದ ಮೇಲೂ ನೀನು ಮುಸ್ಲಿಮಳೇ? ಬಾಯಿ ಬಿಟ್ಟು ಹೇಳಲಾಗದಂಥವೂ ಇದ್ದವು. ಅವನ್ನು ಬರೆಯುವ ಬದಲು ನನ್ನ ಕೈ ಮುರಿದುಹೋಗಲಿ.

ನಾನು ಸುಮ್ಮನೆ ಕೂರುವವಳಲ್ಲ. ನಮಾಜಿಗೆ ಮುಂಚೆ ಮಾಡುವ ವುಜೂ ಸರಿಹೋಗಲಿಲ್ಲವೇನೋ ಎಂದು ಮತ್ತೆ ಮುಖ ತೊಳೆದೆ, ಮತ್ತೆ ಮೊಣಕೈವರೆಗೆ ತೊಳೆದೆ. ಮೂರು ವಾರಗಳಲ್ಲಿ ಮೊಣಕೈ ಒಡೆದು ಉರಿಯತೊಡಗಿತು. ನಮಾಜು ಮುಗಿಸಿ, ಮನಸ್ಸಿಟ್ಟು ಮಾಡಿದೆನೋ ಇಲ್ಲವೋ ಎಂದು ಮೊದಲಿನಿಂದ ಮಾಡಿದೆ. ನಂಬಿಕೆಯಿಂದ ಹೊರಗೆ ಬಿದ್ದಿದ್ದರೆ ಒಳಗೆ ಬರೋಣವೆಂದು, ನಂಬಿಕೆ ಸಾರುವ ಕಲಿಮಾ ಹೇಳಿದೆ. ಒಂದೇ ಮಧ್ಯಾಹ್ನ ಹನ್ನೊಂದು ಸಲ ಹೊಸದಾಗಿ ಮುಸ್ಲಿಮಳಾದೆ. ಹನ್ನೊಂದು ಸಲವೂ ಹೊಸ್ತಿಲಲ್ಲೇ ಎಡವಿದೆ.

ಇದು ನನ್ನೊಬ್ಬಳ ಪಾಡಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಭಾನುವಾರ ಬೆಳಿಗ್ಗೆ ನಮ್ಮ ಮುಂಗೋಣೆಯಲ್ಲಿ ಆರು ಹುಡುಗಿಯರು ಅರಬ್ಬಿ ಓದಲು ಬರುತ್ತಾರೆ. ನಲವತ್ತು ವರ್ಷ ಆ ಕೋಣೆಯಲ್ಲಿ ಅಜ್ಜಿ ಓದಿಸಿದರು. ಕಣ್ಣು ಮಂಜಾದ ಮೇಲೆ ತಮ್ಮ ಕಡ್ಡಿಯನ್ನು, ಅಕ್ಷರ ತೋರಿಸುವ ಆ ಸಣ್ಣ ಕಡ್ಡಿಯನ್ನು, ನನ್ನ ಕೈಗಿಟ್ಟರು. ಬೀದಿಯಲ್ಲಿ ಯಾರು ಸಿಕ್ಕಿದರೂ, ಓದಿಸುವವಳು ಈಗ ನಮ್ಮ ಮೊಮ್ಮಗಳು ಎಂದು ಅವರು ಬೆನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದರು. ತನ್ನೊಳಗೇ ನೆಟ್ಟಗಿಲ್ಲದವಳು ಮಕ್ಕಳಿಗೆ ಏನು ಓದಿಸುವುದು? ಅದು ಮೋಸವೆನಿಸಿತು. ಬರುವ ಭಾನುವಾರ ನಮ್ಮ ಗುಂಪಿನ ಬಾಯಿಬಡುಕಿ, ಎಲ್ಲರೂ ಪಟಾಕಿ ಅನ್ನುವ ಒಂಬತ್ತು ವರ್ಷದವಳು, ಪವಿತ್ರ ಗ್ರಂಥದ ಕೊನೆಯ ಪುಟ ಓದಿ ಮುಗಿಸುವವಳಿದ್ದಳು. ಎರಡು ವರ್ಷ ನಾನೇ ಓದಿಸಿದ ಹುಡುಗಿ. ಆದರೂ ಚಿಕ್ಕಮ್ಮನಿಗೆ ಹೇಳಿದೆ: ಈ ಭಾನುವಾರದಿಂದ ನೀವು ಬನ್ನಿ, ನನಗೆ ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ. ಅಜ್ಜಿಗೆ ಹೇಳುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ತಲೆಯೊಳಗಿನ ಆ ಮಾತು ನನ್ನ ಜೊತೆ ದಾಸ್ತಾನು ಕೋಣೆಯಿಂದ ಹೊರಗೂ ಬಂತು.

ಗುರುವಾರ ಇಪ್ಪತ್ತು ಬೆಲ್ಟುಗಳಿದ್ದವು. ಗಾಜು ಒರೆಸುವ ತಂಡವೊಂದು ಸೋಮವಾರ ಬೆಳಿಗ್ಗೆ ಅವನ್ನು ಕಟ್ಟಿಕೊಂಡು ಹತ್ತಬೇಕಿತ್ತು. ಮೊದಲನೆಯದನ್ನು ಎಳೆದೆ, ಮುಳ್ಳು ಕೆಂಪು ಗೆರೆ ಮುಟ್ಟಿತು, ಹತ್ತು ಎಣಿಸಿದೆ, ಗಂಟು ಹಾಕಿದೆ. ನೀನು ಎಣಿಸಿದ್ದು ಹತ್ತೋ ಒಂಬತ್ತೋ, ಎಂದಿತು ಒಳಗಿನದು. ಬೆಲ್ಟನ್ನು ಮತ್ತೆ ಕೊಕ್ಕೆಗೆ ಹಾಕಿದೆ. ಎರಡನೆಯ ಸಲ, ಮುಳ್ಳು ಗೆರೆ ಮುಟ್ಟಿದ್ದನ್ನು ನೋಡಿದೆಯಾ ಅಥವಾ ನೋಡಿದೆ ಅಂದುಕೊಂಡೆಯಾ ಎಂದಿತು. ಮತ್ತೆ ಎಳೆದೆ. ಸಂಜೆಯ ಹೊತ್ತಿಗೆ ಹದಿನಾಲ್ಕು ಬೆಲ್ಟುಗಳು ಎರಡೆರಡು, ಮೂರು ಮೂರು ಸಲ ಎಳೆಸಿಕೊಂಡಿದ್ದವು. ಎಳೆದು ಗಂಟು ಹಾಕದಿದ್ದರೆ ಸುಳ್ಳಾದೀತೆಂದು, ಪ್ರತಿ ಎಳೆತಕ್ಕೂ ಒಂದೊಂದು ಗಂಟನ್ನೂ ಹಾಕಿದ್ದೆ.

ಮೇಸ್ತ್ರಿ ಕಟ್ಟು ಕಟ್ಟಲು ಬಂದವರು ಮೇಲಿನ ಬೆಲ್ಟಿನ ತುದಿ ಹಿಡಿದು ನಿಂತುಬಿಟ್ಟರು. ಮೂರು ಹಸಿರು ಗಂಟು, ಸಾಲಾಗಿ. ಇನ್ನೊಂದನ್ನು ನೋಡಿದರು. ಎರಡು. ಯಂತ್ರಗಳು ಒಂದೊಂದಾಗಿ ನಿಂತವು. ಎಂಟು ಜನ ಇತ್ತಲೇ ನೋಡುತ್ತಿದ್ದರು. ಮೇಸ್ತ್ರಿ ದೊಡ್ಡ ಕತ್ತರಿ ತಂದು, ಹದಿನಾಲ್ಕನ್ನೂ ಒಂದೊಂದಾಗಿ ಕತ್ತರಿಸಿ ಹಾಕಿದರು. ಈ ಕೆಲಸ ಬೇರೆ ಯಾರಿಗಾದರೂ ಕೊಡಿ ಎಂದೆ.

"ಯಾಕೆ ತಾಯಿ? ಮೋಸ ಮಾಡೋಳು ಮೂರು ಸಲ ಎಳೆದ್ರೂ ಒಂದೇ ಗಂಟು ಹಾಕಿ ಮುಚ್ಚಿಡ್ತಾಳೆ. ನೀನು ಮೂರು ಹಾಕಿ ನನ್ನ ಕೈಗೇ ಕೊಟ್ಟಿದ್ದೀಯ. ಇಂಥ ಪೆದ್ದಿ ನನಗೆ ಎಲ್ಲಿ ಸಿಗ್ತಾಳೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿ ದನಿ ತಗ್ಗಿಸಿದರು.

"ಅನುಮಾನ ಬಂದಾಗ ಬೆಲ್ಟನ್ನ ಕೇಳ್ಬೇಡ. ಗಂಟನ್ನ ಕೇಳು. ಗಂಟು ಇದೆಯಾ? ಮುಗೀತು. ಗಂಟು ಹಾಕೋದು ಬೇರೆಯವರಿಗೆ ತೋರ್ಸೋಕಲ್ಲ, ನಿನ್ನ ಕೈಯನ್ನ ನಿಲ್ಲಿಸೋಕೆ."

ಹದಿನಾಲ್ಕು ಬೆಲ್ಟುಗಳನ್ನು ಎರಡು ದಿನದಲ್ಲಿ ಹೊಸದಾಗಿ ಹೊಲಿಯಬೇಕಾಯಿತು. ಎಂಟು ಜನರೂ ಊಟದ ಹೊತ್ತನ್ನು ಮೊಟಕು ಮಾಡಿಕೊಂಡರು; ಒಬ್ಬರೂ ನನ್ನನ್ನು ಆಡಿಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತದೆ. ನನಗೆ ಗಂಟಕ್ಕ ಎಂಬ ಹೆಸರು ಬಿತ್ತು.

ಕತ್ತರಿಸಿದ ಒಂದು ತುದಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅಜ್ಜಿ ಕಿಟಕಿಯ ಬಳಿ ತಮ್ಮ ಬೆತ್ತದ ಕುರ್ಚಿಯಲ್ಲಿ, ಸಂಜೆಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದರು. ಕಾಲ ಬುಡದಲ್ಲಿ ಕೂತು ತುದಿಯನ್ನು ಅವರ ಅಂಗೈಗಿಟ್ಟೆ. ಬೆರಳು ಆಡಿಸಿ ಗಂಟುಗಳನ್ನು ಎಣಿಸಿದರು. ಆಮೇಲೆ ಎಲ್ಲವನ್ನೂ ಹೇಳಿದೆ: ಬೆಲ್ಟುಗಳ ಕಥೆ, ಮೊಣಕೈಯ ಕಥೆ, ಹನ್ನೊಂದು ಕಲಿಮಾ, ಚಿಕ್ಕಮ್ಮನಿಗೆ ಹೇಳಿದ ಸುಳ್ಳು. ಆ ಮಾತುಗಳನ್ನು ಮಾತ್ರ ಹೇಳಲಿಲ್ಲ. ಅಂಥವು ಬರುತ್ತವೆ ಎಂದಷ್ಟೇ ಹೇಳಿ, ನಾನು ನಂಬಿಕೆಯಿಂದ ಹೊರಗೆ ಬಿದ್ದಿದ್ದೇನೆ ಅಜ್ಜಿ ಎಂದೆ.

ಅವರು ಬೆಚ್ಚಿ ಬೀಳುತ್ತಾರೆಂದುಕೊಂಡಿದ್ದೆ. ಅಜ್ಜಿ ಮೂಗಿನಲ್ಲಿ ಮಾತಾಡಿದರು.

"ಚಿಲಕ ಹಾಕಿದ್ದೀಯಾ? ಸರಿಯಾಗಿ ನೋಡ್ದೆಯಾ? ಇನ್ನೊಂದು ಸಲ ನೋಡಿ ಬಾ."

ಇಪ್ಪತ್ತು ವರ್ಷದ ಹಿಂದೆ ಕೇಳಿದ ಅದೇ ದನಿ.

"ಗೊಣಗಮ್ಮ," ಎಂದೆ.

"ಅವಳನ್ನ ನಾನು ಕಟ್ಟಿದ್ದು ಅಂದ್ಕೊಂಡ್ಯಾ? ನನಗೆ ಬುದ್ಧಿ ಬಂದಾಗಿಂದ ಅವಳು ನನ್ನ ಜೊತೆಗಿದ್ದಾಳೆ ಕೂಸೇ. ನಿನ್ನ ಅಮ್ಮ ಹೊಟ್ಟೇಲಿದ್ದಾಗ ಒಂದು ನಮಾಜನ್ನ ಏಳು ಸಲ ಮಾಡಿಸಿದ್ದಳು ಆ ಪುಣ್ಯಾತ್ಗಿತ್ತಿ. ನಿಂತೂ ನಿಂತೂ ಕಾಲು ಊದಿ ಕಂಬ ಆಗಿತ್ತು."

ನಲವತ್ತು ವರ್ಷ ಮಕ್ಕಳಿಗೆ ಓದಿಸಿದ ಬಾಯಿ ಇದು. ಓದಿಸುವಾಗಲೂ ಅವಳು ಬರುತ್ತಿದ್ದಳೇ ಎಂದು ಕೇಳಿದೆ. ಬರದೆ ಎಲ್ಲಿ ಹೋಗುತ್ತಾಳೆ ಎಂದರು ಅಜ್ಜಿ. ಮೊದಮೊದಲು ಅವಳ ಜೊತೆ ವಾದಕ್ಕಿಳಿಯುತ್ತಿದ್ದರಂತೆ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಅವಳು ಇನ್ನೆರಡು ತರುತ್ತಿದ್ದಳು. ಓಡಿಸಲು ನೋಡಿದರೆ ಕುಣಿದು ಕುಣಿದು ಬರುತ್ತಿದ್ದಳು. ಕೊನೆಗೆ ಒಂದು ದಿನ ಅಜ್ಜಿಗೆ ರೇಗಿ, ಕೂತಿರು ಮಾರಾಯ್ತಿ, ನಮಾಜು ಮುಗಿಸಿ ಬರುತ್ತೇನೆ ಎಂದುಬಿಟ್ಟರು. ಮುಗಿಸಿದ ಮೇಲೆ ಮತ್ತೆ ಮಾಡಲಿಲ್ಲ. ಎದೆ ಹೊಡೆದುಕೊಂಡಿತು, ಆದರೂ ಮಾಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದರು. ಅವಳ ಬಗ್ಗೆ ತಮಗಿದ್ದ ಭಯ ಹೋಗಲಿ ಎಂದು ನನಗೆ ಹೇಳುವ ಕಥೆಗಳಲ್ಲೆಲ್ಲ ಅವಳನ್ನು ತಂದು ಕೂರಿಸಿದರು. ನಾನು ನಕ್ಕಷ್ಟೂ ಅವಳು ಸಣ್ಣಗಾದಳು.

"ಅಂದ್ರೆ ನಾನು ಹೊರಗೆ ಬಿದ್ದಿಲ್ಲವಾ ಅಜ್ಜಿ?"

ಅಜ್ಜಿ ನನ್ನ ಒಡೆದ ಮೊಣಕೈಯನ್ನು ತಡವಿದರು.

"ಆ ಮಾತು ಬಂದಾಗ ನಿನಗೆ ಸಂಕಟ ಆಗುತ್ತಲ್ಲ, ಆ ಸಂಕಟ ಯಾರದು? ಗೊಣಗಮ್ಮಂದಾ? ಅವಳಿಗೆ ಸಂಕಟ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಮಾತು ಅವಳದು, ಸಂಕಟ ನಿಂದು. ಆ ಸಂಕಟಾನೇ ನಿನ್ನ ಈಮಾನು, ನಿನ್ನ ನಂಬಿಕೆ ಕಣೇ. ಇಲ್ಲದೇ ಇರೋದು ನೋಯುತ್ತಾ?"

ನಾನು ಅವರ ಮಡಿಲಿನಲ್ಲಿ ಮುಖವಿಟ್ಟು ಅತ್ತೆ. ಅಳುತ್ತಲೇ, ಇಂಥ ಅಜ್ಜಿ ಯಾರಿಗಿದ್ದಾರೆ ಎಂದು ಎದೆಯುಬ್ಬಿತು. ಏಳು ಬೆಟ್ಟ ದಾಟಿದ ರಾಜಕುಮಾರ ಯಾರೆಂದು ನನಗೆ ಆಗ ತಿಳಿಯಿತು. ಅವರು ಮೂರು ಗಂಟಿನ ತುದಿಯನ್ನು ಆ ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರು, ವಾಪಸ್ಸು ಕೊಡಲಿಲ್ಲ. ಭಾನುವಾರದ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶನಿವಾರ ಹೊಸ ಬೆಲ್ಟುಗಳು ಬಂದವು. ಒಂದೊಂದನ್ನೂ ಒಂದೇ ಸಲ ಎಳೆದೆ. ಹತ್ತೋ ಒಂಬತ್ತೋ ಎಂದಾಗ ಗಂಟನ್ನು ನೋಡಿದೆ, ಇತ್ತು. ಐದನೆಯದಕ್ಕೆ ಕೈ ಬೆವರಿ ದಾರ ಜಾರಿತು. ಮೇಸ್ತ್ರಿ ಅತ್ತ ಯಾರಿಗೋ ಬೈಯುತ್ತಿದ್ದವರು, ನೋಡದವರಂತೆ ಬೈಯುತ್ತಲೇ ಇದ್ದರು. ಹದಿನಾಲ್ಕು ಬೆಲ್ಟಿಗೆ ಹದಿನಾಲ್ಕೇ ಗಂಟು. ಮಧ್ಯಾಹ್ನ ಒಂದೇ ವುಜೂ, ಒಂದೇ ನಮಾಜು. ಮುಗಿದ ಮೇಲೆ ಚಾಪೆ ಸುತ್ತುವುದು ಚಕ್ರ ತಿರುಗಿಸುವುದಕ್ಕಿಂತ ಕಷ್ಟವಾಯಿತು. ಸುತ್ತಿಟ್ಟೆ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಆರು ಹುಡುಗಿಯರು ಗೋಡೆಗೆ ಒರಗಿ ಕೂತಿದ್ದರು. ನಾನು ಮುಂಗೋಣೆಯ ಬಾಗಿಲಲ್ಲಿ ನಿಂತಿದ್ದೆ, ಒಳಗೂ ಅಲ್ಲ, ಹೊರಗೂ ಅಲ್ಲ. ಪಟಾಕಿ ನನ್ನನ್ನು ನೋಡಿ, ಇವತ್ತು ನೀವು ಕೂರಲ್ವಾ ಅಕ್ಕ ಎಂದಳು. ಕಡ್ಡಿ ಮಣೆಯ ಮೇಲಿತ್ತು. ಚಿಕ್ಕಮ್ಮ ಕೈ ಚಾಚಿದರು. ಅವರಿಗಿಂತ ಮುಂಚೆ ನಾನು ಹೋಗಿ ಅದನ್ನು ಎತ್ತಿಕೊಂಡೆ.

"ಇವತ್ತು ನಾನೇ ಕೂರ್ತೀನಿ ಚಿಕ್ಕಮ್ಮ. ಮುಂದಿನ ವಾರಾನೂ."

"ಕೆಲಸ ಜಾಸ್ತಿ ಅಂದ್ಯಲ್ಲೇ?"

ಕುರ್ಚಿಯಿಂದ ಅಜ್ಜಿ, "ಕನ್ನಡಕ ಚೀಲಕ್ಕೆ ಹಾಕ್ಕೋ. ಕೂತ್ಕೊಂಡು ಕೇಳು, ನಮ್ಮ ಹುಡುಗಿ ಹೇಗೆ ಓದಿಸ್ತಾಳೆ ಅಂತ," ಎಂದರು.

ಪಟಾಕಿ ಕೊನೆಯ ಪುಟ ತೆರೆದಳು. ಎದೆಯೊಳಗೆ ಪಿಸುಗುಟ್ಟುವವನಿಂದ ನನ್ನನ್ನು ಕಾಪಾಡು ಎಂದು ಬೇಡಿಕೊಳ್ಳುವ ಅಧ್ಯಾಯವೇ ಎಲ್ಲಕ್ಕಿಂತ ಕೊನೆಯದು. ಎಷ್ಟು ವರ್ಷದಿಂದ ಓದಿಸುತ್ತಿದ್ದರೂ ಅದು ನನಗೆಂದೇ ಅಲ್ಲಿದೆ ಎನ್ನಿಸಿದ್ದು ಅಂದೇ. ಎಲ್ಲರೂ ತನ್ನನ್ನೇ ನೋಡುತ್ತಿದ್ದುದಕ್ಕೋ ಏನೋ, ಆ ಬಾಯಿಬಡುಕಿಯ ದನಿ ನಡುಗಿತು. ನಾಲ್ಕನೆಯ ಸಾಲು ಓದಿ, ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಮೂರನೆಯ ಸಲ ಶುರುಮಾಡಿದವಳು ತಲೆಯೆತ್ತಿ, ಸರಿಯಾಯ್ತೋ ಇಲ್ವೋ ಗೊತ್ತಾಗ್ತಿಲ್ಲ ಅಕ್ಕ ಎಂದಳು. ಕಣ್ಣು ತುಂಬಿತ್ತು.

"ಮೊದಲನೇ ಸಲಾನೇ ಸರಿ ಇತ್ತು. ಹಿಂದೆ ಹೋಗ್ಬೇಡ. ಮುಂದೆ ಓದು."

ಕಡ್ಡಿಯನ್ನು ಮುಂದಿನ ಸಾಲಿಗೆ ಇಟ್ಟೆ. ಅವಳು ಮೂಗು ಒರೆಸಿಕೊಂಡು ಓದಿದಳು. ಆಗಲೇ ನನ್ನ ಕಿವಿಯ ಹಿಂದೆ ಮೂಗಿನ ದನಿ ಎದ್ದಿತು: ನಿನಗೆ ಹೇಗೆ ಗೊತ್ತು? ನೀನು ಯಾರು ಹೇಳುವುದಕ್ಕೆ?

ಕೂತಿರು ಮಾರಾಯ್ತಿ, ಮಗು ಓದುತ್ತಿದೆ, ಎಂದೆ ಮನಸ್ಸಿನಲ್ಲೇ. ಕಡ್ಡಿ ಅಲುಗಲಿಲ್ಲ.